ಇಪ್ಪತ್ನಾಲ್ಕು ಚಂದ್ರಿಕೆಗಳ ಜೂಮರ್

ನಾನು ಓದು ನಿಲ್ಲಿಸಿದ್ದು 1995ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ. ಮನೆಯ ಕಷ್ಟಕ್ಕೆ ಬಿಟ್ಟೆ ಎಂದರೆ ಕೇಳುವವರು ತಲೆಯಾಡಿಸುತ್ತಾರೆ, ಆದರೆ ಕಷ್ಟ ಅಂಥದ್ದೇನೂ ಇರಲಿಲ್ಲ. ಪರೀಕ್ಷೆಯ ಲೆಕ್ಕದ ಪೇಪರಿನಲ್ಲಿ ನನ್ನ ಉತ್ತರಗಳೆಲ್ಲ ಸರಿಯಿದ್ದವು. ಮೇಷ್ಟ್ರು ಸೊನ್ನೆ ಸುತ್ತಿದ್ದರು.

"ಉತ್ತರ ಸರಿ. ಲೆಕ್ಕ ಮಾಡಿದ ದಾರಿ ಎಲ್ಲಿ?" ಎಂದರು.

"ತಲೇಲಿ ಮಾಡ್ದೆ ಸಾ."

"ನಿನ್ನ ತಲೆಯೊಳಗೆ ಇಣುಕಿ ನಾನು ಮಾರ್ಕ್ಸ್ ಹಾಕಕ್ಕಾಗಲ್ಲ. ಎಲ್ಲಿ ತಪ್ಪಿದೀಯ ಅಂತ ಇನ್ನೊಬ್ಬರಿಗೆ ಕಾಣಬೇಕು, ಅದಕ್ಕೆ ಬರೆಯೋದು."

ನಾನು ತಪ್ಪಿಯೇ ಇರಲಿಲ್ಲವಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದು ಬಂದವನು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ.

ನಮ್ಮದು ಭೀಮನಬೀಡು. ಅವ್ವ ಹೊಲಕ್ಕೆ ಹೋಗುತ್ತಿದ್ದರಿಂದ ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು ಅಕ್ಕ, ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಆಗ ಅವಳು ಉಡಿಗಾಲಕ್ಕೆ ಮದುವೆಯಾಗಿ ಹೋಗಿ ಒಂದು ವರ್ಷವಾಗಿತ್ತು. ಸುದ್ದಿ ಕೇಳಿ ಮರುದಿನವೇ ಬಸ್ಸು ಹತ್ತಿ ಬಂದಳು.

"ಮೇಷ್ಟ್ರು ಕೇಳ್ದಂಗೆ ಬರ್ದ್ರೆ ನಿನ್ ಗಂಟೇನ್ ಓಯ್ತದ್ಲಾ?"

"ಸರಿ ಉತ್ತರಕ್ಕೆ ಸೊನ್ನೆ ಕೊಟ್ಟೋರ ಮುಂದೆ ನಾನ್ ಕುಂತ್ಕಳಲ್ಲ ಕಣಕ್ಕ."

"ಇನ್ನೆರಡೊರ್ಷ ತಡ್ಕಂಡ್ರೆ ಎಸ್ಸೆಲ್ಸಿ ಆಗೋಯ್ತದೆ. ನನ್ ಮಾತ್ಗಾದ್ರೂ ಓಗ್ಲಾ."

ಹೋಗಲಿಲ್ಲ. ಸಂಜೆಯ ಬಸ್ಸಿಗೆ ಅವಳನ್ನು ಕಳಿಸಲು ಹೋದಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ತಲೆ ಮುಟ್ಟಿದಳೇ ಹೊರತು ಬೈಯಲಿಲ್ಲ.

ಗುಂಡ್ಲುಪೇಟೆಯಲ್ಲಿ ಒಬ್ಬ ಉಸ್ತಾದರಿದ್ದರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಕೇರಳದ ಲಾರಿಯವರು ಬಂದರೆ ಅರ್ಧ ಮಲಯಾಳ. ವೆಲ್ಡಿಂಗ್, ವೈರಿಂಗ್, ಮದುವೆಮನೆಯ ಸೀರಿಯಲ್ ಸೆಟ್ಟು, ಎಲ್ಲ ಅವರದೇ. ಅವರ ಹತ್ತಿರ ಹನ್ನೊಂದು ವರ್ಷ ಕೆಲಸ ಕಲಿತೆ. ಕಂಬ ಹತ್ತುವುದು, ಕಬ್ಬಿಣ ಬಗ್ಗಿಸುವುದು, ಕರೆಂಟಿನ ಜೊತೆ ಮರ್ಯಾದೆಯಿಂದ ನಡೆದುಕೊಳ್ಳುವುದು. ಆಮೇಲೆ ಪಕ್ಕದಲ್ಲೇ ನನ್ನ ಸ್ವಂತ ಅಂಗಡಿ ಹಾಕಿದಾಗ ಬೀಗದ ಕೈ ಅವರ ಕೈಯಿಂದಲೇ ಇಸಿದುಕೊಂಡೆ.

ಜೂಮರ್, ಅಂದರೆ ತೂಗುದೀಪದ ಕೆಲಸ ನನಗೆ ಅಕಸ್ಮಾತ್ತಾಗಿ ಬಂದದ್ದು. ಬಂಡೀಪುರದ ದಾರಿಯಲ್ಲಿ ಹೊಸ ರೆಸಾರ್ಟೊಂದರ ವೈರಿಂಗ್ ನನ್ನದಿತ್ತು. ಮಾಲೀಕರು ಎಲ್ಲಿಂದಲೋ ದೊಡ್ಡ ಗಾಜಿನ ಜೂಮರ್ ತರಿಸಿದ್ದರು, ಮೂರು ಜನ ಸೇರಿ ಎತ್ತುವಂಥದ್ದು. ಮಾಡು ನೋಡಿದರೆ ಹೆಂಚಿನದು, ಕೆಳಗೆ ನೀಲಗಿರಿ ಗಳ. "ಇದನ್ನ ತೂಗಾಕಿದ್ರೆ ಮಾಡೇ ಕೆಳಕ್ಕೆ ಬತ್ತದೆ ಸಾ" ಎಂದೆ. ಸಂಜೆಗೆ ಅತಿಥಿಗಳು ಬರುವವರಿದ್ದರು. ತೋಟದಲ್ಲಿ ಗೊಬ್ಬರ ಹೊರಲು ತಂದಿದ್ದ ಹೊಸ ಬಿದಿರಿನ ಮಂಕರಿ ಬಿದ್ದಿತ್ತು. ಅದನ್ನು ಬೋರಲು ಹಾಕಿ, ತಳದಲ್ಲಿ ತೂತು ಮಾಡಿ, ಒಳಗೊಂದು ಹಳದಿ ಬಲ್ಬು ಬಿಟ್ಟು ಏರಿಸಿದೆ. ಗೋಡೆಯ ತುಂಬ ಹೆಣಿಗೆಯ ನೆರಳು ಹರಡಿತು. ಬಂದವರು ಊಟ ಬಿಟ್ಟು ಗೋಡೆಯ ಫೋಟೋ ತೆಗೆದರು. ಆ ಗಾಜಿನದು ಇವತ್ತಿಗೂ ಪೆಟ್ಟಿಗೆಯಲ್ಲಿದೆಯಂತೆ.

ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ದೀಪವಾಯಿತು. ಒಣಗಿದ ಸೋರೆ ಬುರುಡೆಗೆ ಸಣ್ಣ ಡ್ರಿಲ್ಲಿನಲ್ಲಿ ನೂರಾರು ತೂತು ಕೊರೆದು ಗೊಂಚಲು ಮಾಡಿದೆ. ಲೈನಿನಿಂದ ಇಳಿಸಿ ಗುಜರಿಗೆ ಬಿದ್ದ ಪಿಂಗಾಣಿ ಇನ್ಸುಲೇಟರುಗಳನ್ನು ತಲೆಕೆಳಗಾಗಿ ಸುತ್ತಿನ ಮೇಲೆ ಸುತ್ತು ಜೋಡಿಸಿದೆ. ಕಾಡಿನ ಲಂಟಾನದ ಬೇರು ತರಿಸಿ ಸಿಪ್ಪೆ ಸುಲಿದು ಜಿಂಕೆ ಕೊಂಬಿನ ಹಾಗೆ ಹೆಣೆದೆ. ನಾನು ಮೊದಲು ನೋಡುವುದು ನೆಲ. ನೆರಳು ಎಲ್ಲಿ ಬೀಳಬೇಕು ಎಂದು ಗೊತ್ತಾದರೆ ಬಲ್ಬು ಎಲ್ಲಿರಬೇಕು ಎಂದು ತಾನೇ ತಿಳಿಯುತ್ತದೆ. ಬಿಳಿ ಬಲ್ಬು ಹಾಕುವುದಿಲ್ಲ, ಬಿದಿರು ಸತ್ತ ಹಾಗೆ ಕಾಣುತ್ತದೆ. ನಕ್ಷೆಯನ್ನೂ ಬರೆಯುವುದಿಲ್ಲ. ಎಲ್ಲ ತಲೆಯಲ್ಲೇ. ಓದಿದವರು ಬಂದು "ಡ್ರಾಯಿಂಗ್ ಕೊಡಿ" ಎಂದಾಗ "ನೇತಾಕಿದ ಮೇಲೆ ನೋಡಿ" ಎನ್ನುವುದರಲ್ಲಿ ನನಗೊಂದು ಸುಖವಿತ್ತು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಇನ್ನೊಂದು ರೆಸಾರ್ಟಿನವರು ಕರೆದರು. ಊಟದ ಹಾಲು ಭಾರಿ ದೊಡ್ಡದು, ಎತ್ತರದ ಚಾವಣಿ. ಒಳಾಂಗಣ ನೋಡಿಕೊಳ್ಳಲು ಬೆಂಗಳೂರಿನ ಮೇಡಂ ಒಬ್ಬರಿದ್ದರು. "ಇಲ್ಲಿಯವರೆಗೆ ಯಾರೂ ನೋಡಿರದೇ ಇರೋದು ಬೇಕು. ಆದರೆ ಈ ಊರಿನದೇ ಆಗಿರಬೇಕು" ಎಂದರು. ನಾನು ನೆಲ ನೋಡಿದೆ. ಆ ಹಸಿರು ಗಾರೆ ನೆಲದ ಮೇಲೆ ನನಗೆ ಕಂಡದ್ದು ಚಂದ್ರಿಕೆಯ ನೆರಳು.

ರೇಷ್ಮೆ ಹುಳ ಹಣ್ಣಾದಾಗ, ಅಂದರೆ ಮೇಯುವುದು ಬಿಟ್ಟು ನೂಲು ಬಿಡಲು ಶುರು ಮಾಡಿದಾಗ, ಗೂಡು ಕಟ್ಟಲು ಅವನ್ನು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ನಮ್ಮ ಕಡೆಯ ಬಾಯಲ್ಲಿ ಚಂದ್ರಂಕಿ. ಆಳೆತ್ತರದ ಚಾಪೆ, ಅದರ ಮೇಲೆ ನಡುವಿನಿಂದ ಅಂಚಿನವರೆಗೆ ಸುತ್ತಿಕೊಂಡು ಹೋಗುವ ಬಿದಿರಿನ ಪಟ್ಟಿ. ಈಗ ಎಲ್ಲರೂ ಪ್ಲಾಸ್ಟಿಕ್ಕಿಗೆ ಹೋಗಿದ್ದಾರೆ. ಬಿದಿರಿನದನ್ನು ಇನ್ನೂ ಇಟ್ಟುಕೊಂಡಿದ್ದವಳು ನನ್ನ ಅಕ್ಕ. ಇಪ್ಪತ್ನಾಲ್ಕು ಇದ್ದವು. ಎಷ್ಟೋ ಬೆಳೆ ಕಂಡು ಜೇನಿನ ಬಣ್ಣಕ್ಕೆ ತಿರುಗಿದ್ದವು. ಪಟ್ಟಿಗಳ ಅಂಚಿನಲ್ಲಿ ಹಳೆಯ ಗೂಡುಗಳ ನವಿರಾದ ಎಳೆ ಇನ್ನೂ ಅಂಟಿಕೊಂಡಿತ್ತು. ಮೇಲಿನಿಂದ ಬೆಳಕು ಬಿಟ್ಟರೆ ಆ ಎಳೆಗಳು ಹೊತ್ತಿಕೊಂಡ ಹಾಗೆ ಹೊಳೆಯುತ್ತವೆ ಎಂದು ನನಗೆ ಗೊತ್ತಿತ್ತು. ಹೊಸದರಲ್ಲಿ ಅದು ಬರುವುದಿಲ್ಲ.

ಮಂಗಳವಾರ ಗೂಡ್ಸ್ ಆಟೋ ಮಾಡಿಕೊಂಡು ಉಡಿಗಾಲಕ್ಕೆ ಹೋದೆ. ಚಂದ್ರಿಕೆಗಳು ಹುಳದ ಮನೆಯ ಹೊರಗೋಡೆಗೆ ಬಿಸಿಲಿಗೆ ಒರಗಿಕೊಂಡಿದ್ದವು. ನನ್ನ ಬಟ್ಟೆಗೆ ಪೇಂಟಿನ ವಾಸನೆ ಇದ್ದುದರಿಂದ ಹುಳದ ಮನೆಯೊಳಗೆ ಹೋಗಲಿಲ್ಲ. ವಾಸನೆ ಹುಳಕ್ಕೆ ಆಗದು. ಒಗ್ಗರಣೆಯ ಘಾಟಿಗೂ ಬಾಗಿಲು ಹಾಕುವ ಮನೆ ಅದು. ಒಂದೇ ಒಂದು ಸಲ ಇಣುಕಿದ್ದರೆ ಹುಳದ ಗಾತ್ರ ಕಣ್ಣಿಗೆ ಬೀಳುತ್ತಿತ್ತು. ಅಕ್ಕ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದಳು. ವಿಷಯ ಹೇಳಿದೆ.

"ಹುಳದ್ ಚಂದ್ರಂಕೀಲಿ ದೀಪ ಮಾಡ್ತಾನಂತೆ" ಎಂದು ಜಗಲಿಯ ಮೇಲಿದ್ದ ಭಾವನನ್ನು ನೋಡಿ ನಕ್ಕಳು.

"ನಾಳಿಕೆ ನಮ್ ಒಲೇನೂ ನೇತಾಕ್ತಾನೆ, ತಡಿ" ಎಂದ ಭಾವ.

"ತಗಂಡೋಗ್ಲಾ. ಆದ್ರೆ ಹುಳ ಹಣ್ಣಾಗೋ ಹೊತ್ಗೆ ಇಲ್ಲಿರ್ಬೇಕು. ಈ ಬೆಳೆ ಅಮ್ಮಿ ನರ್ಸಿಂಗಿಗೆ ಕಣ್ಲಾ. ಬರೋ ತಿಂಗ್ಳ ಕೊನೆಗೆ ಕಟ್ಬೇಕು, ಸೀಟು ಸಿಕ್ಕಿದೆ."

ಅಮ್ಮಿ ಎಂದರೆ ನನ್ನ ಸೋದರ ಸೊಸೆ, ಅಕ್ಕನ ಒಬ್ಬಳೇ ಮಗಳು. ಪಿಯುಸಿಯಲ್ಲಿ ಊರಿಗೇ ಹೆಚ್ಚು ನಂಬರು ತೆಗೆದಿದ್ದಳು.

"ಹುಳ ಯಾವತ್ತು ತಂದ್ರಿ?" ಎಂದೆ.

"ಹೋದ್ ಸ್ವಾಮಾರ. ದಿನದ ಲೆಕ್ಕ ಗೊತ್ತಲ್ಲ?"

"ಹುಳದ್ ಮನೇಲೇ ಹುಟ್ಟಿ ಬೆಳ್ದೋನ್ಗೆ ಲೆಕ್ಕ ಹೇಳ್ಕೊಡ್ತೀಯಾ? ಬುಡಕ್ಕ."

ಅವಳು ಮತ್ತೆ ನಕ್ಕು, ಸೆರಗಿನಿಂದ ಚಂದ್ರಿಕೆಯ ಧೂಳು ಒರೆಸಿ ಒಂದೊಂದಾಗಿ ಆಟೋಗೆ ಎತ್ತಿಕೊಟ್ಟಳು.

ನಾನು ಲೆಕ್ಕ ಹಾಕಿದ್ದು ದಾರಿಯಲ್ಲಿ. ನಮ್ಮ ಮನೆಯಲ್ಲಿ ಮೊಟ್ಟೆಯ ಹಾಳೆ ತಂದು, ಮರಿ ಒಡೆಸಿ, ನಾಲ್ಕು ಜ್ವರ ಕಳೆಯುವ ತನಕ ಸಾಕುತ್ತಿದ್ದರು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮನೆಗೆ ತಂದ ದಿನದಿಂದ ಇಪ್ಪತ್ತಾರನೆಯ ದಿನಕ್ಕೆ ಹಣ್ಣು. ಈಗ ಎಂಟು ಕಳೆದಿದೆ, ಇನ್ನು ಹದಿನೆಂಟಿದೆ. ರೆಸಾರ್ಟಿನ ಪ್ರಾರಂಭ ಮುಂದಿನ ವಾರದ ಗುರುವಾರ, ಅಂದರೆ ಒಂಬತ್ತು ದಿನ. ಅದು ಮುಗಿದ ಮೇಲೆ ಇವನ್ನು ಇಳಿಸಿ ಬೇರೆ ಹೊಸದನ್ನು ಏರಿಸಿದರಾಯಿತು. ಲೆಕ್ಕ ಸರಿಯಾಗಿಯೇ ಬಂತು. ಯಾರಿಗೂ ಬಾಯಿ ಬಿಟ್ಟು ಹೇಳಲಿಲ್ಲ.

ಹಾಲಿನಲ್ಲಿ ಆರು ದಿನ ದುಡಿದೆ. ಒಂದೊಂದು ಚಂದ್ರಿಕೆಯನ್ನೂ ಸಣ್ಣ ಉಕ್ಕಿನ ಹಗ್ಗದಲ್ಲಿ ಅಡ್ಡಡ್ಡ ಮಲಗಿಸಿ, ಬೇರೆ ಬೇರೆ ಎತ್ತರಕ್ಕೆ ತೂಗಿಬಿಟ್ಟೆ. ಬಿದಿರಿಗೆ ಒಂದು ತೂತೂ ಮಾಡಲಿಲ್ಲ, ಅಷ್ಟು ನೆನಪಿತ್ತು. ಉಸ್ತಾದರು ನೋಡಲು ಬಂದರು. ವಯಸ್ಸಾಗಿದೆ, ಈಗ ಏಣಿ ಹತ್ತುವುದಿಲ್ಲ. ಕೆಳಗೇ ನಿಂತು ಕತ್ತೆತ್ತಿ ನೋಡಿದರು.

"ಅರೆ, ಹುಳದ ಹಾಸಿಗೆ ಎಲ್ಲಾ ಕಿತ್ಕೊಂಡು ಬಂದ್ಬಿಟ್ಟಿದೀಯಲ್ಲೋ. ಪಾಪ, ಅವು ಎಲ್ಲಿ ಮಲಗಬೇಕು?"

"ಅವ್ಕೆ ಇನ್ನೂ ಬೇಕಾದಷ್ಟು ದಿನ ಅದೆ ಉಸ್ತಾದ್."

"ಕೇಳಿದೀಯಾ?"

"ಕೇಳೋದೇನು, ಗೊತ್ತು."

ಅವರು ಗಡ್ಡ ಸವರಿಕೊಂಡರು, ಅಷ್ಟೆ.

ಮೇಡಂ ಬಂದು ಕೈಯಿಂದ ಒಂದನ್ನು ತಟ್ಟಿ ನೋಡಿದರು. ಸಣ್ಣ ಪುಡಿ ಉದುರಿತು. "ಕೆಳಗೆ ಊಟದ ತಟ್ಟೆ ಇರುತ್ತೆ. ಏನಾದರೂ ಸ್ಪ್ರೇ ಮಾಡಿಬಿಡಿ" ಎಂದರು. ವಾರ್ನಿಷ್ ಹೊಡೆದರೆ ಹುಳಕ್ಕೆ ವಿಷ ಎಂದು ನನಗಿಂತ ಚೆನ್ನಾಗಿ ಆ ಹಾಲಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೆ ಪ್ರಾರಂಭ ಮುಗಿದ ಮೇಲೆ ಒಂಬತ್ತು ದಿನ ಉಳಿಯುತ್ತದಲ್ಲ, ಸುಣ್ಣದ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ವಾಸನೆ ಹೋಗುತ್ತದೆ ಎಂದುಕೊಂಡೆ. ನಾನೇ ಕಂಪ್ರೆಸರ್ ತಂದೆ. ನಾನೇ ಹೊಡೆದೆ.

ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಏಣಿಯ ಮೇಲಿದ್ದೆ, ಕೊನೆಯ ಬಲ್ಬುಗಳ ಎತ್ತರ ಸರಿ ಮಾಡುತ್ತ. ಫೋನು ಬಂತು.

"ಹುಳ ಹಣ್ಣಾದೊ ಕಣ್ಲಾ. ಚಂದ್ರಂಕಿ ಎಲ್ಗಂಟ ಬಂದೊ?" ಅಕ್ಕನ ಧ್ವನಿಯಲ್ಲಿ ಗಾಬರಿ ಇರಲಿಲ್ಲ. ನಾನು ದಾರಿಯಲ್ಲಿದ್ದೇನೆ ಎಂದೇ ಅವಳ ನಂಬಿಕೆ.

"ಅದೆಂಗಾದಾವಕ್ಕ? ತಂದು ಹದಿನೇಳ್ ದಿನ ಆಯ್ತು ಅಷ್ಟೆ. ಇನ್ನೂ ಒಂಬತ್ತು ದಿನ ಅದಲ್ಲ."



"ತಂದಿದ್ದು ಚಾಕಿ ಹುಳ ಕಣ್ಲಾ. ಎರಡ್ ಜ್ವರ ಅಲ್ಲೇ ಕಳ್ಕಂಡ್ ಬಂದವೆ. ಈಗ ಯಾರ್ ಮನೇಲಿ ಮೊಟ್ಟೆ ಒಡಿಸ್ತಾರೆ? ನೀ ಯಾವ್ ಲೆಕ್ಕ ಹಾಕಂಡಿದ್ಯೋ?"

ಈಗ ಮರಿ ಹುಳಗಳನ್ನು ಚಾಕಿ ಕೇಂದ್ರದಲ್ಲೇ ಒಡೆಸಿ, ಮೊದಲ ಎರಡು ಜ್ವರ ಅಲ್ಲೇ ಕಳೆಸಿ, ಒಂಬತ್ತು ದಿನ ತುಂಬಿದ ಮೇಲೆ ರೈತರಿಗೆ ಕೊಡುತ್ತಾರೆ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆಯಂತೆ. ಹುಳದ ಮನೆ ಬಿಟ್ಟು ಕಂಬ ಹತ್ತಿದವನಿಗೆ ಇದು ತಿಳಿದಿರಲಿಲ್ಲ. 'ಇಪ್ಪತ್ತಾರಕ್ಕೆ ಹಣ್ಣಲ್ಲವಾ' ಎಂದು ಅಂಗಳದಲ್ಲಿ ಒಂದು ಮಾತು ಆಡಿದ್ದರೆ ಅವಳು ಅಲ್ಲೇ ತಿದ್ದುತ್ತಿದ್ದಳು.

"ಪಕ್ಕದ್ ಮನ್ಯೋರ್ತವು ಇಸ್ಕಳಕ್ಕೆ ಆಗಲ್ವಾ?"

"ಊರೆಲ್ಲಾ ಒಂದೇ ದಿನ ಚಾಕಿ ತಂದಿರದು. ಎಲ್ಲಾರ್ದೂ ಇವತ್ತೇ ಹಣ್ಣು. ಯಾರ್ ಕೊಟ್ಟರ್ಲಾ?"

ಆಗ ಇನ್ನೂ ಹೊತ್ತಿತ್ತು. ಇಪ್ಪತ್ನಾಲ್ಕನ್ನೂ ಬಿಚ್ಚಲು ಎರಡು ಗಂಟೆ, ಆಟೋದಲ್ಲಿ ಇನ್ನೊಂದಷ್ಟು ಹೊತ್ತು. ಮಧ್ಯಾಹ್ನದ ಊಟದೊಳಗೆ ಉಡಿಗಾಲದಲ್ಲಿರಬಹುದಿತ್ತು. ಕೆಳಗೆ ನೋಡಿದೆ. ಮೇಡಂ, ಮಾಲೀಕರು, ಅಡುಗೆಯವರು, ಎಲ್ಲ ನೆಲದ ಮೇಲಿನ ನೆರಳಿನ ಸುರುಳಿಗಳನ್ನು ನೋಡುತ್ತ ನಿಂತಿದ್ದರು. ಒಬ್ಬ ಹುಡುಗಿ ಒಂದು ಸುರುಳಿಯ ಗೆರೆಯ ಮೇಲೆ ಒಳಗಿನಿಂದ ಹೊರಕ್ಕೆ ಹೆಜ್ಜೆ ಹಾಕುತ್ತಿದ್ದಳು.

"ಸಂಜೆ ಪೂಜೆ ಒಂದ್ ಮುಗ್ದೋಗ್ಲಿ ಅಕ್ಕ. ಬೆಳಿಗ್ಗೆ ಬೆಳಕರಿಯೋದ್ರೊಳಗೆ ತಂದ್ಬುಡ್ತೀನಿ."

"ಹುಳ ಕಾದಾವ್ಲಾ?" ಎಂದಳು. ಆಮೇಲೆ, "ಸರಿ. ಆದಷ್ಟು ಬ್ಯಾಗ ಬಾ" ಎಂದಳು.

ವಾರ್ನಿಷ್ ಸುದ್ದಿ ಹೇಳಲಿಲ್ಲ. ಬೆಳಿಗ್ಗೆಯೊಳಗೆ ಅದು ಹಾರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಲೆಕ್ಕವಾಗಿರಲಿಲ್ಲ, ಬರೀ ಆಸೆ.

ಆ ಸಂಜೆಯ ಹೊಗಳಿಕೆಯನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಒಂದು ಮಾತ್ರ ಬರೆಯುತ್ತೇನೆ. ಹಿರಿಯ ಅತಿಥಿಯೊಬ್ಬರು ನನ್ನ ಕೈ ಹಿಡಿದು "ಯಾವ ಕಾಲೇಜಿನಲ್ಲಿ ಡಿಸೈನ್ ಕಲಿತಿರಿ?" ಎಂದು ಕೇಳಿದರು. "ಕಾಲೇಜಿಲ್ಲ ಸರ್, ತಲೇಲಿ ಮಾಡಿದ್ದು" ಎಂದೆ. ಅಷ್ಟು ಜನರ ಮುಂದೆ ಆ ಮಾತನ್ನು ಹೇಳಲಿಕ್ಕೆ ನಾನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾದಿದ್ದೆ. ಹೇಳುವಾಗ ಉಡಿಗಾಲದಲ್ಲಿ ಅಕ್ಕ ಏನು ಮಾಡುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು.

ಮರುದಿನ ಹೇಳಿದ ಹೊತ್ತಿಗೆ ಹೋದೆ. ಹುಳದ ಮನೆಯ ಬಾಗಿಲು ತೆರೆದಿತ್ತು. ನೆಲದ ತುಂಬ ತೊಗರಿ ಕಡ್ಡಿ, ಒಣಗಿದ ಮಾವಿನ ಕೊಂಬೆ, ತೆಂಗಿನ ಗರಿ, ಮುರಿದ ಹಳೆಯ ಮಂಚದ ಹುರಿ. ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಹುಳ ಬಿಟ್ಟಿದ್ದರು. ಎಷ್ಟೋ ಹುಳ ಗೋಡೆ ಹತ್ತಿದ್ದವು, ಮೂಲೆ ಸಿಗದೆ ನೂಲನ್ನು ಬರಿದೇ ಚೆಲ್ಲಿ ಸೊರಗಿದ್ದವು. ಎರಡೆರಡು ಸೇರಿ ಒಂದೇ ಗೂಡು ಕಟ್ಟಿದ್ದವು. ಸೊಸೆ ಮಂಡಿಯೂರಿ ಕುಳಿತು, ನೆಲದಲ್ಲಿ ಅಲೆಯುತ್ತಿದ್ದ ಹುಳಗಳನ್ನು ಇನ್ನೂ ಒಂದೊಂದಾಗಿ ಆಯ್ದು ಕಡ್ಡಿಯ ಮೇಲೆ ಬಿಡುತ್ತಿದ್ದಳು.

ಅಕ್ಕ ಆಟೋದಿಂದ ಒಂದು ಚಂದ್ರಿಕೆ ಇಳಿಸಿ ಎರಡು ಹೆಜ್ಜೆ ನಡೆದಳು. ನಿಂತಳು. ಮೂಗಿನ ಹತ್ತಿರ ತಂದುಕೊಂಡಳು. ಬೆರಳಿನಿಂದ ಪಟ್ಟಿಯನ್ನು ಉಜ್ಜಿ ಬೆರಳನ್ನು ನೋಡಿಕೊಂಡಳು. ಆಮೇಲೆ ಅದನ್ನು ಮೆಲ್ಲಗೆ ಹೊರಗೋಡೆಗೆ ಒರಗಿಸಿದಳು.

"ಇದು ಇಲ್ಲೇ ಇರ್ಲಿ."

"ಏನ್ ಬಳ್ದಿದೀಯ್ಲಾ ಅದ್ಕೆ?" ಎಂದು ಭಾವ ಕೇಳಿದ. ಅವನು ಇನ್ನೂ ಏನೇನೋ ಅಂದ, ಅನ್ನಬೇಕಾದ್ದೇ. ಅಕ್ಕ ಅವನನ್ನು ತಡೆಯಲಿಲ್ಲ, ಸೇರಿಕೊಳ್ಳಲೂ ಇಲ್ಲ. ಅವನು ಒಳಗೆ ಹೋದ ಮೇಲೆ ಕೇಳಿದಳು:

"ದೀಪ ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಅಕ್ಕ."

"ಹೂಂ" ಎಂದು ಹುಳದ ಮನೆಯೊಳಗೆ ಹೋದಳು. ನಾನು ಅಂಗಳದಲ್ಲೇ ಉಳಿದೆ. ಮೈಯೆಲ್ಲ ವಾರ್ನಿಷ್ ವಾಸನೆ.

ಚಾಮರಾಜನಗರದ ಗೂಡಿನ ಮಾರುಕಟ್ಟೆಗೆ ಆ ಬೆಳೆ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ತೆಳು ಗೂಡು, ಕಲೆ ಗೂಡು, ಜೋಡಿ ಗೂಡು. ನೋಡಿದವರು ಒಂದು ಹಿಡಿ ಎತ್ತಿ ಮತ್ತೆ ಅಲ್ಲೇ ಹಾಕಿ ಮುಂದೆ ಹೋದರು. ಬೆಳೆ ಕೆಡಿಸಿಕೊಂಡವಳು ಎಂದು ಅಕ್ಕನನ್ನು ಅಲ್ಲಿ ಯಾರೂ ಯಾವತ್ತೂ ಕಂಡಿರಲಿಲ್ಲ.

ಫೀಸು ನಾನು ಕಟ್ಟುತ್ತೇನೆ ಎಂದೆ.

"ನನ್ ಮಗ್ಳುನ್ನ ನನ್ ಹುಳದಲ್ಲಿ ಓದುಸ್ತೀನಿ. ನಿನ್ ದೀಪ್ದಲ್ಲಿ ಬ್ಯಾಡ" ಎಂದಳು.

ಆ ಮಾತು ನನಗೆ ಚುಚ್ಚಿತು. ತಪ್ಪು ಮಾಡಿದವನು ನಾನಾದರೂ ಮುಖ ತಿರುಗಿಸಿಕೊಂಡು ಬಂದವನೂ ನಾನೇ. ಎರಡನೆಯ ಸಲ ಕೇಳಲಿಲ್ಲ. ನೇರವಾಗಿ ಕಾಲೇಜಿಗೆ ಹೋಗಿ ಕಟ್ಟಿ ಬರಬಹುದಿತ್ತು, ರಸೀದಿಯನ್ನು ಅವಳ ಮುಂದಿಟ್ಟು ಬೈಸಿಕೊಳ್ಳಬಹುದಿತ್ತು. ಕಾಲ ಹಿಡಿಯಬಹುದಿತ್ತು. 'ಬೇಡ ಅಂದಮೇಲೆ ಬೇಡ' ಎಂದು ಅಂಗಡಿಯಲ್ಲಿ ಕುಳಿತು ಸೋರೆ ಬುರುಡೆ ಕೊರೆಯುತ್ತಿದ್ದೆ. ತಿಂಗಳ ಕೊನೆ ಬಂತು, ಸೀಟು ಹೋಯಿತು. ಹುಳದ ಆ ಬೆಳಿಗ್ಗೆಗಿಂತ ಈ ಇಪ್ಪತ್ತು ದಿನಗಳೇ ನನ್ನನ್ನು ಹೆಚ್ಚು ಕೊರೆಯುವುದು. ಆ ಬೆಳಿಗ್ಗೆ ನನ್ನ ಲೆಕ್ಕ ತಪ್ಪಿತ್ತು. ಈ ಇಪ್ಪತ್ತು ದಿನ ನನಗೆ ಎಲ್ಲವೂ ಗೊತ್ತಿತ್ತು.

ಸೊಸೆ "ಒಂದ್ ವರ್ಷ ತಾನೇ" ಎಂದು ಚಾಮರಾಜನಗರದ ಗಾರ್ಮೆಂಟ್ಸಿಗೆ ಸೇರಿದಳು. ಒಂದು ವರ್ಷ ಮೂರಾಗಿದೆ. ಈಗ ಅವಳ ಕೈಕೆಳಗೆ ಹದಿನೆಂಟು ಹೊಲಿಗೆ ಮೆಷಿನ್ನುಗಳ ಒಂದು ಸಾಲಿದೆಯಂತೆ. ಬುದ್ಧಿವಂತೆ, ಎಲ್ಲಿದ್ದರೂ ಮುಂದೆ ಬರುತ್ತಾಳೆ. ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. "ಮಾವ, ನಿಮ್ ಚಂದ್ರಂಕಿ ಲೈಟು ಎಲ್ಲಾರ್ ಫೋನಲ್ಲೂ ಬತ್ತಾ ಅದೆ. ಅದು ನಮ್ಮನೇದು ಅಂದ್ರೆ ಲೈನಲ್ಲಿ ಯಾರೂ ನಂಬಲ್ಲ" ಎಂದು ನಕ್ಕಳು. ನಾನು ಟೀ ಕುಡಿಯೋಣ ಬಾ ಎಂದೆ. ಬಸ್ಸು ಬಂತು.

ಹೌದು, ಅವು ಮತ್ತೆ ಅಲ್ಲೇ ಹೋದವು. ಅಕ್ಕನ ಗೋಡೆಗೆ ಒರಗಿದ್ದ ಇಪ್ಪತ್ನಾಲ್ಕನ್ನೂ ಎರಡು ವಾರದ ಮೇಲೆ ಭಾವನೇ ಆಟೋ ಮಾಡಿ ಅಂಗಡಿಗೆ ಕಳಿಸಿಬಿಟ್ಟ. ನಾನು ರೆಸಾರ್ಟಿನಲ್ಲಿ ಮೊದಲಿದ್ದ ಹಾಗೇ ತೂಗಿಹಾಕಿದೆ. ಅದನ್ನು ನೋಡಿಯೇ ಊಟಿಯಿಂದ, ವಯನಾಡಿನಿಂದ ಕೆಲಸ ಬರುತ್ತದೆ. ಜನ ನೆಲದ ಮೇಲೆ ಮಲಗಿ ಫೋಟೋ ತೆಗೆಯುತ್ತಾರೆ. ಬಲ್ಬು ಬದಲಿಸಲು ಹೋದರೆ ಮಾಲೀಕರು ಊಟ ಮಾಡಿಕೊಂಡು ಹೋಗಿ ಎನ್ನುತ್ತಾರೆ. ನಾನು ಇದುವರೆಗೆ ಆ ಹಾಲಿನಲ್ಲಿ ಕೂತು ಉಂಡಿಲ್ಲ.

ಆರು ತಿಂಗಳು ಕಳೆದ ಮೇಲೆ ಚಾಮರಾಜನಗರದಲ್ಲಿ ಬಿದಿರು ಕೆಲಸದ ಮುದುಕರೊಬ್ಬರನ್ನು ಹುಡುಕಿದೆ. ಚಂದ್ರಿಕೆ ಹೆಣೆಯುವುದು ಬಿಟ್ಟು ಎಷ್ಟೋ ಕಾಲವಾಗಿತ್ತು, ಕೇಳುವವರೇ ಇರಲಿಲ್ಲ. ಕಾಡಿ ಬೇಡಿ ಇಪ್ಪತ್ನಾಲ್ಕು ಹೆಣೆಸಿದೆ. ಎರಡು ತಿಂಗಳು ಹಿಡಿಯಿತು. ಈ ಸಲ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಉಡಿಗಾಲಕ್ಕೆ ತೆಗೆದುಕೊಂಡು ಹೋದೆ.

ಅಕ್ಕ ಅಂಗಳದಲ್ಲಿ ಅರಿಶಿನದ ಕೊನೆ ಬಿಡಿಸುತ್ತಿದ್ದಳು. ಒಂದು ಚಂದ್ರಿಕೆಯನ್ನು ಮಡಿಲಿಗೆ ಎಳೆದುಕೊಂಡು ಪಟ್ಟಿಯ ಅಂಚಿನ ಮೇಲೆ ಬೆರಳಾಡಿಸಿದಳು. ನಡುವಿನಿಂದ ಶುರು ಮಾಡಿ ಹೊರಗಿನವರೆಗೆ.

"ಚೆನ್ನಾಗಿ ಹೆಣ್ದವ್ನೆ. ಎಲ್ಲೂ ಸೀಳಿಲ್ಲ" ಎಂದಳು. ಆಮೇಲೆ ತಲೆಯೆತ್ತಿ, "ಯಾವ್ ಹುಳಕ್ಲಾ?" ಎಂದಳು.

ನಾನು ಅವಳ ಬೆನ್ನ ಹಿಂದೆ ನೋಡಿದೆ. ಹಿಪ್ಪುನೇರಳೆ ಇದ್ದ ಹೊಲದಲ್ಲಿ ಗಿಡವಿರಲಿಲ್ಲ. ಬುಡ ಸಮೇತ ಕಿತ್ತು ಅರಿಶಿನ ಹಾಕಿದ್ದರು. ಹುಳದ ಮನೆಯಲ್ಲಿ ಮೂಟೆಗಳಿದ್ದವು.

"ಮತ್ತೆ ಸಾಕ್ಬೋದಲ್ಲಕ್ಕ."

"ಆಮೇಕೆ ಒಂದ್ ಬೆಳೆ ಮಾಡ್ದೆ. ಹಣ್ಣಾಗೋ ದಿನ ಬಂದ್ರೆ ಎದೆ ಹೊಡ್ಕಳದು ಕಣ್ಲಾ. ಬ್ಯಾಡ ಅಂತ ಬುಟ್ಬುಟ್ಟೆ." ಎದ್ದು ಸೆರಗು ಕೊಡವಿಕೊಂಡಳು. "ಉಂಡ್ಕಂಡ್ ಓಗು. ಹಾಗಲ್ಕಾಯ್ ಗೊಜ್ಜು ಮಾಡಿವ್ನಿ."

ಉಂಡೆ. ಎರಡು ಸಲ ಬಡಿಸಿದಳು. ಹೊರಡುವಾಗ ಆಟೋದ ತನಕ ಬಂದು, ಹಗ್ಗ ಸಡಿಲವಾಗಿದೆ ಎಂದು ತಾನೇ ಎಳೆದು ಬಿಗಿದಳು.

ಈಗಲೂ ನಕ್ಷೆ ಬರೆಯಲು ನನಗೆ ಬರುವುದಿಲ್ಲ. ಆದರೆ ಒಪ್ಪಿಕೊಂಡ ಕೆಲಸದ ದಿನಗಳನ್ನು ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದಾಗಿ ಬರೆಯುತ್ತೇನೆ, ಬಂದವರಿಗೆಲ್ಲ ಕಾಣುವ ಹಾಗೆ. ಉಸ್ತಾದರು ಕೋಲೂರಿಕೊಂಡು ಬಂದು ಓದುತ್ತಾರೆ, ತಪ್ಪಿದ್ದರೆ ಹೇಳುತ್ತಾರೆ. ಎರಡು ಸಲ ತಪ್ಪಿತ್ತು. ಉಡಿಗಾಲದಿಂದ ವಾಪಸು ಬಂದು ಅಂಗಡಿಯ ಅಟ್ಟ ಸೇರಿದ ಹೊಸ ಚಂದ್ರಿಕೆಗಳನ್ನು ಕೇಳಿಕೊಂಡು ಮೇಡಂ ಎರಡು ಸಲ ಫೋನು ಮಾಡಿದ್ದರು. ಅದು ಮಾರುವುದಕ್ಕಲ್ಲ ಎಂದೆ.

ಇವತ್ತು ನನ್ನ ಹತ್ತಿರ ಇರುವುದು: ಗುಂಡ್ಲುಪೇಟೆಯಲ್ಲಿ ಒಂದು ಅಂಗಡಿ, ಎರಡು ವೆಲ್ಡಿಂಗ್ ಮೆಷಿನ್, ಒಂದು ಕಂಪ್ರೆಸರ್, ಮೂರು ಏಣಿ. ಏಳು ಕ್ಲಾಸು ಮತ್ತು ಅರ್ಧ. ಹಬ್ಬಕ್ಕೆ ಕರೆಯುವ ಒಬ್ಬಳು ಅಕ್ಕ. ಅಟ್ಟದ ಮೇಲೆ ಇಪ್ಪತ್ನಾಲ್ಕು ಚಂದ್ರಿಕೆ, ಒಂದು ಹುಳವೂ ಹತ್ತದ್ದು.